ನೀಲಿ ಹಾಕಿದ ಬಿಳಿ ಕಾರು

ನಮ್ಮ ಮಾವನ ಬಿಳಿ ಕಾರು ಹಳದಿಯಾಗಿದೆ ಎಂದು ಇಡೀ ಸೋಮವಾರಪೇಟೆಯಲ್ಲಿ ಹೇಳುತ್ತಿದ್ದವರು ಒಬ್ಬರೇ. ಅದು ಸ್ವತಃ ನಮ್ಮ ಮಾವ! ಉಳಿದವರೆಲ್ಲ ಆ ಕಾರಿನ ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದರು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ, ಪಕ್ಕದ ಮನೆಯಾಕೆ ಬಸ್ಸಿಗೆ ಓಡುವ ಮುನ್ನ ಆ ಕಾರಿನ ಮುಂದೆ ನಿಂತು ಹಣೆಬೊಟ್ಟು ಸರಿಮಾಡಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಆದರೆ ಮಾವ ಮಾತ್ರ ಬೆಳಿಗ್ಗೆ ಎದ್ದು ಅಂಗಳಕ್ಕಿಳಿದು, ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, "ಛೇ! ನಿನ್ನೆಗಿಂತ ಇವತ್ತು ಇನ್ನೂ ಒಂಚೂರು ಹಳದಿ" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಮಾವ ರೈಟರ್. ನನ್ನ ಹಾಗೆ ಕೂತಲ್ಲೇ ಕಥೆ ಕಟ್ಟುವ ರೈಟರ್ ಅಲ್ಲ, ಕಾಫಿ ಎಸ್ಟೇಟಿನ ರೈಟರ್. ಲೈನ್‌ಮನೆಯ ಆಳುಗಳ ಹಾಜರಿ ಬರೆಯುವುದು, ಪಿಕಿಂಗ್ ಕಾಲದಲ್ಲಿ ಹಣ್ಣು ಅಳೆಸುವುದು, ಇದರಲ್ಲೇ ತಲೆ ಬೆಳ್ಳಗಾಗಿ ನಿವೃತ್ತರಾದವರು. ಅವರ ಕಣ್ಣಿನ ಬಗ್ಗೆ ಎಸ್ಟೇಟಿನಲ್ಲಿ ದೊಡ್ಡ ದೊಡ್ಡ ಕಥೆಗಳಿದ್ದವು. ಯಾರಾದರೂ ಚೀಲದ ಅಡಿಯಲ್ಲಿ ಹಸಿರು ಕಾಯಿ ತುಂಬಿ ಮೇಲೆ ಕೆಂಪು ಹಣ್ಣು ಹರಡಿಕೊಂಡು ಬಂದರೆ, ಮಾವ ಚೀಲ ಮುಟ್ಟದೆಯೇ, "ಅಡೀಲಿರೋದನ್ನ ಮೇಲೆ ಹಾಕವ್ವ, ಅದಕ್ಕೂ ಗಾಳಿ ಬೇಕು" ಎನ್ನುತ್ತಿದ್ದರಂತೆ. ಅಂಥ ಕಣ್ಣಿನ ಮನುಷ್ಯ ಕಾರು ಹಳದಿ ಎಂದಾಗ, "ಮಾವ, ನಿಮಗೇ ಸರಿಯಾಗಿ ಕಾಣುತ್ತಿಲ್ಲ" ಎನ್ನುವ ಗಂಡೆದೆ ಯಾರಿಗಿದೆ? ಚಿಕ್ಕಂದಿನಲ್ಲಿ ಅವರ ಮನೆಯ ಬೆಲ್ಲದ ಡಬ್ಬಿಗೆ ಕೈ ಹಾಕಿ, ಬಾಯಿ ಒರೆಸಿಕೊಂಡು ಬಂದರೂ ಸಿಕ್ಕಿಬಿದ್ದವಳಾದ ನನಗಂತೂ ಇರಲಿಲ್ಲ.

ಈ ಕಾರು ಬಂದದ್ದು ಅತ್ತೆಗಾಗಿ. ಅತ್ತೆಗೆ ಶನಿವಾರಸಂತೆಯ ಸಂತೆ ಎಂದರೆ ಪ್ರಾಣ. ಮದುವೆಯಾಗಿ ಬಂದಾಗಿನಿಂದ ಪ್ರತಿ ಶನಿವಾರ ಎರಡೂ ಕೈಗೆ ಚೀಲ ನೇತುಹಾಕಿಕೊಂಡು, ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಹೋಗಿ ನಿಂತೇ ಬರುತ್ತಿದ್ದರು. ಮಾವ ನಿವೃತ್ತರಾದಾಗ ಒಂದು ಹಳೆಯ ಸಣ್ಣ ಬಿಳಿ ಕಾರು ತಂದು, ಕೀ ಅತ್ತೆಯ ಅಂಗೈಗಿಟ್ಟು, "ಇನ್ಮೇಲೆ ನೀನು ಬಸ್ಸಲ್ಲಿ ನಿಂತ್ಕೊಂಡು ಹೋಗೋದು ಬೇಡ" ಎಂದರು. ಅವರ ದಾಂಪತ್ಯದಲ್ಲಿ ಮಾವ ಆಡಿದ ಪ್ರೇಮದ ಮಾತು ಬಹುಶಃ ಅದೊಂದೇ. ಅಂದಿನಿಂದ ಪ್ರತಿ ಶನಿವಾರ ಮಾವನೇ ಕಾರು ಓಡಿಸುತ್ತಿದ್ದರು, ಒಂದು ವಾರವೂ ತಪ್ಪುತ್ತಿರಲಿಲ್ಲ. ಅತ್ತೆ ಸಂತೆಯಲ್ಲಿ ಕಾರಿನಿಂದ ಇಳಿಯುವಾಗ ಕಾರು ಹಾಲಿನ ಹಾಗಿರಬೇಕು ಎಂಬುದು ಮಾವನ ಹಟ.

ಆದರೆ ಹಳದಿ ತೆಗೆಯುವ ಪಾಲಿಶ್ ಯಾವುದು? ಪೇಟೆಯಲ್ಲಿ ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದ ಮಲಯಾಳಿ ಕಾಕ ಅನುಭವಿಸಿದ ಕಷ್ಟ ಹೆಣ್ಣು ಹೆತ್ತವರಿಗೂ ಬೇಡ. ನಮ್ಮಲ್ಲಿ ಹುಡುಗನನ್ನು ನೋಡಲು ಹೋದವರು ಕೂಡ ಅಷ್ಟು ಪ್ರಶ್ನೆ ಕೇಳುವುದಿಲ್ಲ. ಮಾವ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸುವರು, ಬೆರಳಿಗೆ ಹಚ್ಚಿ ಉಜ್ಜುವರು, ಬಿಸಿಲಿಗೆ ಹಿಡಿಯುವರು, ಮತ್ತೆ ಮೂಸುವರು.

"ಸಾರೇ, ಇದು ಕಾಂಪೌಂಡ್, ಗೀರು ತೆಗೀತದೆ. ಇದು ಪಾಲಿಶ್, ಮಿಂಚಿಸ್ತದೆ. ಇದು ವ್ಯಾಕ್ಸ್, ಮಿಂಚಿದ್ದನ್ನ ಕಾಪಾಡ್ತದೆ. ನಿಮಗೆ ಎಂತ ಬೇಕು?" ಕಾಕ ಕೇಳಿದರು.

"ಕಾಂಪೌಂಡ್ ಬೇಡ. ಅದು ತೊಳೆಯೋದಲ್ಲ, ಚರ್ಮ ಸುಲಿಯೋದು. ಹಳದಿ ತೆಗೆಯೋದು ಕೊಡು."

"ಹಳದಿ ಎಲ್ಲುಂಟು ಸಾರೇ? ವಂಡಿ ಮುತ್ತಿನ ಹಾಗೆ ಉಂಟಲ್ಲ!"

"ಅಷ್ಟು ಹಳದಿ ನಿಂಗೆ ಕಾಣ್ತಾ ಇಲ್ವಾ? ಮೊದಲು ಹೋಗಿ ಕಣ್ಣು ತೋರಿಸ್ಕೋ ಕಾಕ!"

ಪಾಪ, ಕಾಕ ನಿಜವಾಗಿಯೂ ಹೋಗಿ ಕಣ್ಣು ತೋರಿಸಿಕೊಂಡರು! ಸಣ್ಣದೊಂದು ದೋಷವಿದೆಯೆಂದು ಡಾಕ್ಟರು ಹೇಳಿದ್ದರಿಂದ ಕನ್ನಡಕವನ್ನೂ ಹಾಕಿಸಿಕೊಂಡರು. ಮುಂದಿನ ಸಲ ಮಾವ ಬಂದಾಗ ಕನ್ನಡಕ ಏರಿಸಿಕೊಂಡು ಅಂಗಡಿಯಿಂದಿಳಿದು ಬಂದು, ಕಾರನ್ನು ಹಿಂದೆ ಮುಂದೆ ನೋಡಿ, "ಸಾರೇ, ಈಗ ಇನ್ನೂ ಬಿಳಿ ಕಾಣ್ತಾ ಉಂಟು" ಎಂದರಂತೆ. ಮಾವ ಆ ಅಂಗಡಿಯ ಕಡೆ ಒಂದು ವಾರ ತಲೆ ಹಾಕಲಿಲ್ಲ.

ಆ ವಾರ ಮಾವ ಸ್ವಂತ ಬುದ್ಧಿಗೆ ಕೆಲಸ ಕೊಟ್ಟರು. ಸ್ವಂತ ಬುದ್ಧಿ ಎಂದ ಮೇಲೆ ಕೇಳಬೇಕೇ! "ಹಲ್ಲು ಹಳದಿ ಆದ್ರೆ ಏನ್ ಮಾಡ್ತೀವಿ?" ಎಂದು ತಮಗೆ ತಾವೇ ಪ್ರಶ್ನೆ ಹಾಕಿಕೊಂಡು, ಮನೆಯಲ್ಲಿದ್ದ ಟೂತ್‌ಪೇಸ್ಟನ್ನೆಲ್ಲ ಹಿಂಡಿ ಕಾರಿಗೆ ಹಲ್ಲುಜ್ಜಿದರು. ಕೈಗೆ ಸಿಕ್ಕಿದ್ದು ಪಾತ್ರೆ ಒರೆಸುವ ಒರಟು ಬಟ್ಟೆ. ಗುಂಡಗೆ, ಗುಂಡಗೆ, ಗುಂಡಗೆ ಉಜ್ಜಿದರು. ಕಾರು ಪುದಿನ ಚಟ್ನಿಯ ಹಾಗೆ ಘಮಘಮಿಸಿತು. ದಿನಾ ಬೆಳಿಗ್ಗೆ ಬಂದು ಟೈರಿನ ಬಳಿ ಕಾಲೆತ್ತುತ್ತಿದ್ದ ಬೀದಿನಾಯಿ ಅಂದು ಮೂಸಿ ನೋಡಿ, ಸೀನಿ, ಬೇರೆ ಕಡೆ ಹೋಯಿತು. ಹಳದಿ ಮಾತ್ರ ಹೋಗಲಿಲ್ಲ! ಮನೆಮಂದಿಯೆಲ್ಲ ಉಪ್ಪಿನಲ್ಲಿ ಹಲ್ಲುಜ್ಜಬೇಕಾಯಿತು, ಅಷ್ಟೇ.

ಇಷ್ಟೆಲ್ಲ ಆಗುವಾಗ ಅತ್ತೆ ಏನು ಹೇಳುತ್ತಿದ್ದರು? ಅತ್ತೆಯದು ಮೊದಲಿನಿಂದಲೂ ಮಾತು ಕಡಿಮೆ. ಎರಡು ಪದದಲ್ಲಿ ಮುಗಿಯುವುದಾದರೆ ಮೂರನೆಯದನ್ನು ಖರ್ಚು ಮಾಡುವವರಲ್ಲ. ಮಾವ "ಹಳದಿ ಅಲ್ವೇನೇ?" ಎಂದು ಕೇಳಿದರೆ, "ಹೂಂ. ಒಂಚೂರು" ಎನ್ನುತ್ತಿದ್ದರು. ಇಡೀ ಊರು ಒಂದು ಕಡೆಯಾದರೂ ಅತ್ತೆ ಮಾವನ ಕಡೆ! ಗಂಡನ ಹುಚ್ಚಿಗೆ ತಾಳ ಹಾಕುತ್ತಾರೆ ಎಂದು ನಾವೆಲ್ಲ ನಗುತ್ತಿದ್ದೆವು.

ದಸರಾ ರಜೆಯಲ್ಲಿ ನಾನು ಕುಶಾಲನಗರದಿಂದ ಅವರ ಮನೆಗೆ ಹೋದೆ. ಅಂಗಳದಲ್ಲಿ ತಿಳಿನೀಲಿ ಬಣ್ಣದ ಕಾರು ನಿಂತಿತ್ತು.

"ಮಾವ, ಕಾರು ಬದಲಾಯಿಸಿದ್ರಾ?"

"ಬದಲಾಯಿಸೋದೇನು ಮಗಾ, ನೋಡು! ಈಗ ಬಿಳಿ ಅಂದ್ರೆ ಬಿಳಿ!" ಮಾವನ ಮುಖ ಊರಗಲವಾಗಿತ್ತು.

ನಡೆದದ್ದಿಷ್ಟು. ಬಿಳಿ ಪಂಚೆ ಹಳದಿಯಾದರೆ ಅತ್ತೆ ಕೊನೆಯ ನೀರಿಗೆ ಎರಡು ಹನಿ ನೀಲಿ ಹಾಕುತ್ತಾರಲ್ಲ, ಪಂಚೆಗೆ ಆಗುವುದು ಕಾರಿಗೆ ಯಾಕಾಗಬಾರದು? ಮಾವ ಎರಡು ಹನಿಗೆ ನಿಲ್ಲುವವರೇ? ಬಾಟಲಿಯನ್ನೇ ಕಾಕನಿಂದ ತಂದಿದ್ದ ವ್ಯಾಕ್ಸ್ ಡಬ್ಬಿಗೆ ಸುರಿದು, ಮುದ್ದೆ ತಿರುವಿದ ಹಾಗೆ ತಿರುವಿ, ಕಾರಿಗೆ ಬಳಿದಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಒಳಗೆ ಹೋಗಿ ಸಂತೆಯ ಚೀಲ ತಂದರು. ಅಂದು ಶನಿವಾರ.

ನಾನು ಹಿಂದಿನ ಸೀಟಿನಲ್ಲಿ ಕೂತೆ. ಕಾರು ರಸ್ತೆಗಿಳಿಯಿತೋ ಇಲ್ಲವೋ, ನಮ್ಮ ಮೂಗಿ ಅತ್ತೆಯ ಬಾಯಿ ಬಿಚ್ಚಿಕೊಂಡಿತು!

"ಎಡಗಡೆ ಹಸ ಅದೆ ನೋಡ್ರೀ, ಎಷ್ಟು ಲಕ್ಷಣವಾಗದೆ... ಮುಂದೆ ಹಂಪು ಬಂತು, ಯಾವಾಗ ಹಾಕಿದ್ರೋ... ಅಯ್ಯಪ್ಪ, ಎದುರಿಗೆ ಎಷ್ಟು ದೊಡ್ಡ ಲಾರಿ, ರಸ್ತೆ ತುಂಬಾ ಅದೇ ಬರ್ತಾ ಅದೆ... ಬಲಗಡೆ ಸ್ಕೂಟ್ರೋನು ಕೈ ಮಾಡ್ತಾವ್ನೆ ಕಣ್ರೀ..."

"ಹೂಂ, ಹೂಂ" ಎನ್ನುತ್ತಾ ಮಾವ ನಿಧಾನಕ್ಕೆ ಓಡಿಸುತ್ತಿದ್ದರು. ವಯಸ್ಸಾದ ಮೇಲೆ ಅತ್ತೆಗೂ ಮಾತಿನ ಚಟ ಹತ್ತಿತಲ್ಲ ಎಂದು ನಾನು ಹಿಂದೆ ಕೂತು ಮುಸಿಮುಸಿ ನಕ್ಕೆ. ಹಸು, ಹಂಪು, ಲಾರಿ, ಇವೂ ಒಂದು ಮಾತೇ?

ಸಂತೆಯಲ್ಲಿ ಮೆಣಸಿನಕಾಯಿ ಮಾರುವವನು ದೂರದಿಂದಲೇ ಕೂಗಿದ. "ಏನ್ ರೈಟರೇ, ಕಾರಿಗೆ ನೀಲಿ ಬಣ್ಣ ಹೊಡೆಸಿಬಿಟ್ರಾ?"

"ನೀಲಿ ಎಲ್ಲಿ ಅದೆ ಮಾರಾಯ? ಬಿಳಿ ಕಣೋ, ಅಪ್ಪಟ ಬಿಳಿ!"

"ಆಯ್ತು ಬಿಡಿ, ಬಿಳಿ ಅಂತ್ಲೇ ಇಟ್ಕೊಳ್ಳಿ. ಮೆಣಸಿನಕಾಯಿ ಹಸಿರೋ ಕೆಂಪೋ, ಅದನ್ನೂ ನೀವೇ ಹೇಳಿ!"

ಸುತ್ತಲಿದ್ದವರು ಗೊಳ್ಳೆಂದರು. ನಾನೂ ನಗಲು ಬಾಯಿ ತೆರೆದವಳು ಹಾಗೇ ನಿಂತೆ. ಮಾವ ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ಆ ನೀಲಿ ನಿಜಕ್ಕೂ ಬಿಳಿಯಾಗಿ ಕಾಣುತ್ತಿತ್ತು. ಅಂದರೆ ಹಳದಿ ಕಾರಿನ ಮೇಲಿರಲಿಲ್ಲ! ಆಮೇಲೆ ಹಸು, ಹಂಪು, ಲಾರಿ, ಸ್ಕೂಟರು ಎಲ್ಲ ಸಾಲಾಗಿ ನೆನಪಿಗೆ ಬಂದವು.

ಅತ್ತೆ ಬಳೆ ಅಂಗಡಿಯ ಮುಂದಿದ್ದರು. ಪಕ್ಕಕ್ಕೆ ಕರೆದು ಕೇಳಿದೆ. "ಅತ್ತೆ, ಮಾವನಿಗೆ ಕಣ್ಣು ಕಾಣಲ್ಲ ಅಲ್ವಾ?"

ಅತ್ತೆ ಬಳೆ ನೋಡುತ್ತಲೇ ಇದ್ದರು. "ಕಾಣ್ತದೆ. ಮಂಜು ಮಂಜು."

"ಗೊತ್ತಿದ್ದೂ ಕಾರು ಓಡಿಸೋಕೆ ಬಿಟ್ಟಿದ್ದೀರಾ? ಏನಾದ್ರೂ ಆದ್ರೆ? ಎದುರಿಗೆ ಬರೋರ ಗತಿ? ಪೊರೆ ಬಂದಿರಬೇಕು, ಆಪರೇಷನ್ ಮಾಡಿಸಿದ್ರೆ ಸರಿ ಹೋಗ್ತದೆ ಅತ್ತೆ!"

"ನಮ್ಮಪ್ಪಂಗೂ ಹಂಗೇ ಅಂದಿದ್ರು. ಆಪರೇಷನ್ ಆದ್ಮೇಲೆ ಸೋಡಾ ಬಾಟ್ಲಿ ಥರದ ಕನ್ನಡಕ ಹಾಕ್ಕೊಂಡು ಜಗಲಿ ಬಿಟ್ಟು ಇಳೀಲೇ ಇಲ್ಲ." ಅತ್ತೆ ಕೈಯಲ್ಲಿದ್ದ ಬಳೆ ಕೆಳಗಿಟ್ಟರು. "ಕಣ್ಣಿನ ಮೇಲೇ ಬದುಕಿದ ಮನುಷ್ಯ ಕಣೇ. ಕಾರು ಮಂಕು ಅಂತಾರೆ, ನಾನು ಹೂಂ ಅಂತೀನಿ. ನಿಮ್ಮ ಕಣ್ಣೇ ಮಂಕು ಅನ್ನೋಕೆ ನಂಗೆ ಬಾಯಿ ಬರಲ್ಲ. ಕೀ ಕಿತ್ಕೊಂಡ್ರೆ ಆ ಜೀವ ಏನ್ ಮಾಡ್ತದೆ ಹೇಳು."

ಬಸ್ಸಿನ ಕಂಬ ಹಿಡಿದು ನಿಲ್ಲಬೇಕಾಗುತ್ತದೆಂಬ ಚಿಂತೆ ಅತ್ತೆಗಿರಲಿಲ್ಲ. ಮಾವನ ಶನಿವಾರ ಹೋಗಿಬಿಡುತ್ತದೆಂಬುದೇ ಅವರ ಭಯ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಸುಮ್ಮನೆ ಅತ್ತೆಯ ಚೀಲ ಇಸಿದುಕೊಂಡೆ.

ವಾಪಸ್ ಬರುವಾಗ, "ಮಾವ, ಈ ಹೊಸ ಬಿಳಿ ಕಾರನ್ನ ನಾನೂ ಒಂದ್ಸಲ ಓಡಿಸ್ತೀನಿ" ಎಂದು ಹಟ ಹಿಡಿದು ಕೀ ಇಸಿದುಕೊಂಡೆ. ಮಾವ ಹಿಂದೆ ಕೂತು ದಾರಿಯುದ್ದಕ್ಕೂ, "ಕ್ಲಚ್ ಮೇಲಿಂದ ಕಾಲು ತೆಗಿ ಮಗಾ, ಅದೇನು ಕಾಲುಮಣೆನಾ?" ಎಂದು ಗೊಣಗಿದರು. ನನ್ನ ಪಕ್ಕ ಕೂತ ಅತ್ತೆ ಒಂದೇ ಒಂದು ಮಾತಾಡಲಿಲ್ಲ. ಹಸುಗಳೂ ಇದ್ದವು, ಲಾರಿಗಳೂ ಬಂದವು.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಮಾವನೇ ದಾರಿ ಮಾಡಿಕೊಟ್ಟರು. "ಏನೇ, ಇಡ್ಲಿಗೆ ಅರಿಶಿನ ಹಾಕಿದ್ದೀಯಾ?"

ನಾನು ಧೈರ್ಯ ಮಾಡಿದೆ. "ಮಾವ, ಇಡ್ಲಿ ಬಿಳಿಯಾಗಿದೆ. ಹಾಲು ಹೇಗೆ ಕಾಣ್ತದೆ?"

"ಹಳದಿ. ಹಾಲಿನವನು ಏನೋ ಬೆರೆಸ್ತಾನೆ."

"ನಿಮ್ಮ ಪಂಚೆ?"

"ಹಳದಿ. ಸೋಪು ಸರಿ ಇಲ್ಲ."

"ಇಡ್ಲಿ ಹಳದಿ, ಹಾಲು ಹಳದಿ, ಪಂಚೆ ಹಳದಿ, ಕಾರು ಹಳದಿ. ಇಷ್ಟಕ್ಕೂ ಎಲ್ಲಿಂದ ಪಾಲಿಶ್ ತರ್ತೀರಿ ಮಾವ?"

ಮಾವನ ಕೈಯಲ್ಲಿದ್ದ ಇಡ್ಲಿ ತಟ್ಟೆಗೆ ಹಿಂತಿರುಗಿತು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರೆ ಪಾಲಿಶ್ ಬೇಕಾದ್ದು ಕಾರಿಗಲ್ಲ ಅನ್ನು" ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೀ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿ ಹೊರಗೆ ಹೋದರು.

ಮೈಸೂರಿನಲ್ಲಿ ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯಿತು. ಜಗಲಿಯೂ ಇಲ್ಲ, ಸೋಡಾ ಬಾಟಲಿಯೂ ಇಲ್ಲ, ಈಗಿನ ಆಪರೇಷನ್ನೇ ಬೇರೆ! ಊರಿಗೆ ಬಂದವರೇ ಮಾವ ಮನೆಯೊಳಗೂ ಹೋಗದೆ ಕಾರಿನ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು.

"ಈ ಕಣ್ಣಿಗೆ ಬಿಳಿ. ಈ ಕಣ್ಣಿಗೆ... ನೀಲಿ! ಲೇ, ನೀಲಿ ಕಣೇ ಇದು!" ಮತ್ತೆ ಹತ್ತಿರ ಹೋಗಿ ಬಗ್ಗಿದರು. ಬಾನೆಟ್ಟಿನ ತುಂಬ ಕೋಡುಬಳೆ ಹರಡಿದ ಹಾಗೆ ಗುಂಡಗುಂಡಗೆ ಗೀರು! "ಯಾವ ಮುಠ್ಠಾಳ ನನ್ನ ಕಾರನ್ನ ಹಿಂಗೆ ಉಜ್ಜಿದೋನು?"

"ಯಾರೋ ಎಸ್ಟೇಟ್ ರೈಟರಂತೆ" ಎಂದರು ಅತ್ತೆ.

ಎರಡನೆಯ ಕಣ್ಣಿಗೂ ಆಪರೇಷನ್ ಆದ ಮೇಲೆ ಮಾವ ಕಾಕನ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡರು. ಕಾಕ ಎಲ್ಲ ಡಬ್ಬಿಗಳನ್ನೂ ಸಾಲಾಗಿ ಇಟ್ಟು, "ಈಗ ಹೇಳಿ ಸಾರೇ, ಯಾವ ಪಾಲಿಶ್ ಕೊಡಲಿ?" ಎಂದು ಕೇಳಿದರೆ, "ಯಾವುದೂ ಬೇಡ. ಒಂದು ಮೆತ್ತನೆ ಬಟ್ಟೆ ಕೊಡು ಸಾಕು" ಎಂದರಂತೆ. ನೀಲಿ ಬಾಗಿಲಿನ ಸಂದಿಗಳಲ್ಲಿ ಇನ್ನೂ ಉಳಿದಿದೆ. ಗೀರುಗಳೂ ಹಾಗೇ ಇವೆ. ನಾನೇ ಕಾಂಪೌಂಡ್ ತಂದುಕೊಡುತ್ತೇನೆಂದರೂ ಮಾವ ಒಪ್ಪಲಿಲ್ಲ.

ಡಾಕ್ಟರು ಇನ್ನು ಕಾರು ಓಡಿಸಬಹುದು ಎಂದ ಮೇಲಿನ ಮೊದಲ ಶನಿವಾರ ನಾನು ಬೇಕೆಂದೇ ಹೋದೆ. ಮಾವ ಮೊಳೆಯಿಂದ ಕೀ ತೆಗೆದುಕೊಂಡರು. ಕಾರು ಶನಿವಾರಸಂತೆಯ ರಸ್ತೆಗಿಳಿಯಿತು. ಅತ್ತೆ ಮಡಿಲಲ್ಲಿ ಚೀಲ ಇಟ್ಟುಕೊಂಡು, ಕಿಟಕಿಯಿಂದ ಹೊರಗೆ ನೋಡುತ್ತಾ ಸುಮ್ಮನೆ ಕೂತರು. ಒಂದು ಹಸು ಬಂದು ಹೋಯಿತು. ಒಂದು ಹಂಪು ಬಂದು ಹೋಯಿತು.

"ಏನೇ, ಮಾತೇ ಇಲ್ಲ?" ಮಾವ ಕೇಳಿದರು.

"ಈಗ ನಿಮಗೇ ಕಾಣ್ತದಲ್ಲ" ಎಂದರು ಅತ್ತೆ.

ಮಾವ ಅಚ್ಚರಿಪಡದೆ ತಲೆಯಾಡಿಸಿದರು. ಹಾಗಾದರೆ ಅತ್ತೆಯ ಆ ಮಾತೆಲ್ಲ ತಮಗೆ ದಾರಿ ತೋರಿಸಲೆಂದು ಅವರಿಗೂ ಗೊತ್ತಿತ್ತು! ಮೊದಲಿನಿಂದಲೂ ಗೊತ್ತಿತ್ತು.

"ಕಾಣ್ತದೆ. ಆದ್ರೂ ನೀನು ಹೇಳು."

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ ಮುಂದೆ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ಮುಂದೆ ತಿರುವು ಅದೆ ನೋಡ್ರೀ" ಎಂದರು.

"ಹೂಂ" ಎಂದು ಮಾವ ಗೇರು ಇಳಿಸಿದರು.