ಸೇನಾಪತಿಯ ಮೇಲಂಗಿಯಲ್ಲಿ ಕಾರ್ಮೋಡ

ದಿನವಿಡೀ ಕಚೇರಿಯಲ್ಲಿ ಎಲ್ಲರಿಗೂ "ಆಯ್ತು ಸಾರ್" ಅನ್ನುವ ಮನುಷ್ಯನಿಗೆ ಮನೆಯಲ್ಲಾದರೂ ಒಂದು ಸೈನ್ಯ ಬೇಡವೇ? ನನಗಿದೆ. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರು. ಒಬ್ಬೊಬ್ಬನಿಗೂ ಬಣ್ಣ ಬಳಿದು, ಊಟದ ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಮಾಡುವುದು ನಮ್ಮ ಕ್ಲಬ್ಬಿನ ಆಟ. ನನ್ನ ದಂಡಯಾತ್ರೆ ನಡೆಯುವ ಭಾನುವಾರಗಳಂದು ಮನೆಯವರೆಲ್ಲ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಾರೆ ಎಂಬುದೊಂದೇ ನನ್ನವಳ ತಕರಾರು. (ಒಂದೇ ತಕರಾರು, ಆದರೆ ದಿನಾ.)

ಕೊನೆಗೆ ಅವಳೇ ತೀರ್ಪು ಕೊಟ್ಟಳು. "ಈ ಸಲ ಕ್ಲಬ್ಬಿನ ಬಣ್ಣದ ಸ್ಪರ್ಧೆಯಲ್ಲಿ ಗೆದ್ದವರಿಗೆ ಭಾನುವಾರ ಪೂರ್ತಿ ಮೇಜು. ಬರಿಗೈಲಿ ಬಂದ್ರೆ ನಿಮ್ಮ ಸೈನ್ಯ ಅಟ್ಟಕ್ಕೆ."

ಆ ಸ್ಪರ್ಧೆಯನ್ನು ಪ್ರತಿ ಸಲ ಗೆಲ್ಲುವವರು ಒಬ್ಬ ಹಲ್ಲಿನ ಡಾಕ್ಟರು. ಹಲ್ಲಿನ ಸಂದಿಯಲ್ಲಿ ಕೈ ಪಳಗಿಸಿಕೊಂಡವರ ಜೊತೆ ನಮ್ಮಂಥವರ ಪೈಪೋಟಿ ನಡೆಯುತ್ತದೆಯೇ? ಆದರೂ ನನಗೊಂದು ಮಹತ್ತರ ಉಪಾಯ ಹೊಳೆಯಿತು. ನನ್ನ ಸೇನಾಪತಿಯ ಮೇಲಂಗಿಯ ಮೇಲೆ ಬಿರುಗಾಳಿಯ ಆಕಾಶವನ್ನೇ ಇಳಿಸಿಬಿಡುವುದು. ಬೂದು ನೀಲಿ ಮೋಡ, ನಡುವೆ ಒಂದು ಮಿಂಚು!

ಧೂಳು ಕೂರಬಾರದೆಂದು ಕಿಟಕಿ ಭದ್ರವಾಗಿ ಮುಚ್ಚಿ, ಬಲ್ಬು ಹಾಕಿಕೊಂಡು, ಉಸಿರು ಬಿಗಿಹಿಡಿದು ಬಳಿದೆ. ಸ್ಪರ್ಧೆಯ ಹಿಂದಿನ ದಿನ ಅದನ್ನು ಅಂಗೈಯಲ್ಲಿ ಹೊತ್ತು ಹಜಾರಕ್ಕೆ ಬಿಜಯಂಗೈದೆ. ಅಲ್ಲಿ ನಮ್ಮತ್ತೆ ಕೂತಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲೇ ಸುಧಾರಿಸಿಕೊಳ್ಳುತ್ತಿದ್ದರು. ಸೇನಾಪತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಚೆನ್ನಾಗಿದೆ ಅಳಿಯಂದಿರೇ. ಬದನೆಕಾಯಿ ತಾನೇ?"

ನಾನೂ ನೋಡಿದೆ. ಬದನೆಕಾಯಿಯೇ. ಹಳದಿ ಬಲ್ಬಿನ ಕೆಳಗೆ ಬೂದು ನೀಲಿಯಾಗಿದ್ದದ್ದು ಹಗಲಿಗೆ ಬಂದು ಬಣ್ಣ ಬದಲಾಯಿಸಿತ್ತು. ನನ್ನವಳು ನಕ್ಕು ನಕ್ಕು ಸುಸ್ತಾಗಿ, ಅಟ್ಟದ ಏಣಿ ಎಲ್ಲಿದೆ ಎಂದು ವಿಚಾರಿಸಿದಳು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಹೊರಗೆ ನಿಜವಾಗಿಯೇ ಮೋಡ ಕವಿಯಿತು. ಅತ್ತೆ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡರು. ಆಪರೇಷನ್ ಆದಮೇಲೆ ಅವರು ನಲ್ಲಿ, ಚಪ್ಪಲಿ, ನನ್ನ ಬೋಳುತಲೆ ಎಲ್ಲವನ್ನೂ ಈಗಷ್ಟೇ ಅಂಗಡಿಯಿಂದ ತಂದಂತೆ ನೋಡುತ್ತಿದ್ದರು. ಮೇಲ್ಗಡೆ ಕಪ್ಪಲ್ಲ, ಸೀಸದ ಬಣ್ಣ ಅಂದರು. ಕೆಳಗೆ ಅಂಚಿನಲ್ಲಿ ಹಳದಿ ಇದೆ, ಕಾಣಲ್ವಾ ಅಂದರು. ಇಷ್ಟು ವಯಸ್ಸಾದರೂ ನಾನು ಕಾರ್ಮೋಡದಲ್ಲಿ ಹಳದಿ ಕಂಡವನಲ್ಲ. ಅವರು ಹೇಳಿದಂತೆ ಬಳಿದೆ. ಬದನೆಕಾಯಿ ಮಾಯವಾಗಿ ಆಕಾಶ ಬಂತು ನೋಡಿ, ಮೈ ಜುಮ್ಮೆಂದಿತು.

ಉಳಿದದ್ದು ಮಿಂಚು. ನಾನು ಕುಂಚ ಎತ್ತುವುದು, ಇಳಿಸುವುದು, ಇಷ್ಟೇ ಮಾಡುತ್ತಿದ್ದೆ. ಅತ್ತೆ ಕುಂಚ ಕಿತ್ತುಕೊಂಡು ಒಂದೇ ಗೀಟಿನಲ್ಲಿ ಎಳೆದುಬಿಟ್ಟರು. ಹೊಲಿಗೆ ಯಂತ್ರದ ಮುಂದೆ ಆಯಸ್ಸು ಕಳೆದ ಕೈ ಅದು. ಕಣ್ಣು ಮಂಜಾದಾಗಿನಿಂದ ಸೂಜಿಗೆ ದಾರ ಪೋಣಿಸಲಾಗದೆ ಸುಮ್ಮನಿತ್ತು. ಮಿಂಚನ್ನು ನೋಡುತ್ತಾ, "ಬಂತಲ್ಲ" ಅಂದರು ಮೆಲ್ಲಗೆ.

ಮಾರನೇ ದಿನ ಕ್ಲಬ್ಬಿಗೆ ನನ್ನವಳೂ ಅತ್ತೆಯೂ ಜೊತೆಗೆ ಬಂದರು. ತೀರ್ಪುಗಾರರು ಭೂತಗನ್ನಡಿ ಹಿಡಿದು ಡಾಕ್ಟರ ಸೈನಿಕನನ್ನು ದಾಟಿ ನನ್ನ ಸೇನಾಪತಿಯ ಮುಂದೆ ನಿಂತುಬಿಟ್ಟರು. ಮೋಡ ಪರವಾಗಿಲ್ಲ, ಈ ಮಿಂಚು ಯಾರದು ಅಂತ ಕೇಳಿದರು. "ನನ್ನದೇ" ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನಿಂದ ನನ್ನವಳು ಕೆಮ್ಮಿದಳು. ಅತ್ತೆಯತ್ತ ಕೈ ತೋರಿಸಿದೆ. ಬಹುಮಾನದ ಬಟ್ಟಲು ಅವರ ಕೈ ಸೇರಿತು. ಡಾಕ್ಟರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಟ್ಟಲು ಯಾರ ಕೈಲಿದ್ದರೇನು, ಮೇಜು ನನ್ನದಾಯಿತಲ್ಲ ಎಂದು ಹಿಗ್ಗುತ್ತಾ ಮನೆಗೆ ಬಂದೆ.

"ಗೆದ್ದವರಿಗೆ ಅಂದಿದ್ದೆ ತಾನೇ?" ಎಂದು ನನ್ನವಳು ಮೇಜಿನ ಕುರ್ಚಿ ಎಳೆದಳು. "ಅಮ್ಮಾ, ಕೂತ್ಕೋ."

ಈಗ ಭಾನುವಾರಗಳಂದು ಅತ್ತೆ ಮೇಜಿನ ಮುಂದೆ, ಸೈನ್ಯ ಅತ್ತೆಯ ಮುಂದೆ. ನಾನು ಕುಂಚ ತೊಳೆದುಕೊಡುತ್ತೇನೆ. ಮೊನ್ನೆ ಅವರೇ ಕನಿಕರಪಟ್ಟು ಒಬ್ಬ ಸೈನಿಕನನ್ನು ನನ್ನತ್ತ ಸರಿಸಿದರು. "ಇವನ ಬೂಟು ನೀವು ಬಳೀರಿ ಅಳಿಯಂದಿರೇ. ಬೂಟನ್ನ ಯಾರೂ ಅಷ್ಟಾಗಿ ನೋಡಲ್ಲ."

ಚೆನ್ನಾಗಿ ಬಂದರೆ ಮುಂದಿನ ವಾರ ಮೊಣಕಾಲಿನವರೆಗೂ ಬಿಡುತ್ತಾರಂತೆ.