ಮುಚ್ಚಿಸುವ ಅಧಿಕಾರಕ್ಕೆ ಬಿದ್ದ ಬೀಗ

ಜಕ್ಕೂರು, ತಣಿಸಂದ್ರದ ಸುತ್ತಮುತ್ತ ಹೆಲ್ತ್ ಇನ್‌ಸ್ಪೆಕ್ಟರ್ ಆಗಿರುವ ನನಗೆ ವಾರಕ್ಕೊಂದಾದರೂ ಮರ್ಯಾದೆ ಹೋಗುವ ಪ್ರಸಂಗ ಎದುರಾಗದಿದ್ದರೆ ಸಂಬಳ ಅರಗುವುದಿಲ್ಲ. ಕೊರೊನಾ ಕಾಲದಲ್ಲಿ ಹೀಗಿರಲಿಲ್ಲ. ಕೈಯಲ್ಲೊಂದು ಟೇಪಿನ ಸುರುಳಿ ಇದ್ದರೆ ಇಡೀ ಬೀದಿಯನ್ನೇ ಮುಚ್ಚಿಸುತ್ತಿದ್ದೆ, ಕೇಳುವವರೇ ಇಲ್ಲ. ಆಮೇಲೆ ಹೊಸ ನಿಯಮ ಬಂತು. ಏನನ್ನಾದರೂ ಮುಚ್ಚಿಸುವ ಮೊದಲು ಕಾರಣ ಬರೆದು ಕೊಡಬೇಕು, ಎದುರಿನವರ ಮಾತು ಕೇಳಬೇಕು, ಆದೇಶಕ್ಕೆ ಗಡುವು ಇರಬೇಕು. ನನ್ನ ದರ್ಬಾರು ಅಲ್ಲಿಗೆ ಮುಗಿಯಿತು.

೧. ಪಾನಿಪುರಿ ವಿಚಾರಣೆ

ಮೊದಲ ಏಟು ಬಿದ್ದದ್ದು ಪಾನಿಪುರಿ ಗಾಡಿಯವನಿಂದ. ಅವನ ಬಕೆಟ್ಟಿನ ನೀರು ನೋಡಿ, ಗಾಡಿ ತೆಗಿ ಎಂದೆ. ಮೊದಲಾಗಿದ್ದರೆ ನಾನು ಬೈಕು ನಿಲ್ಲಿಸುವುದರೊಳಗೆ ಗಾಡಿ ಹೆಬ್ಬಾಳ ದಾಟಿರುತ್ತಿತ್ತು. ಈಗ ಅವನು ಕೈ ಒರೆಸಿಕೊಂಡು, ಕಾರಣ ಬರೆದುಕೊಡಿ ಎಂದ. ನೀರು ಕೊಳಕು ಎಂದು ಬರೆದೆ. ಯಾವ ನೀರು, ಸಿಹಿಯದೋ ಖಾರದ್ದೋ, ಕಾರಣ ಸ್ಪಷ್ಟವಾಗಿರಬೇಕಲ್ಲ ಎಂದ. ಎರಡೂ ಎಂದೆ.

"ಖಾರದ್ದು ಮೊನ್ನೆ ನೀವೇ ಎರಡ್ ಸಲ ಹಾಕಿಸ್ಕೊಂಡು ಕುಡುದ್ರಲ್ಲ ಸಾರ್, ಆವಾಗ್ ಯಾಕ್ ಬರೀಲಿಲ್ಲ?"

ಸುತ್ತ ದೊನ್ನೆ ಹಿಡಿದವರ ಗುಂಪು ದೊಡ್ಡದಾಯಿತು. ಯಾರಾದರೂ ನನ್ನ ಪರ ಮಾತಾಡುತ್ತಾರೆ ಎಂದುಕೊಂಡೆ. ಹಿಂದಿನಿಂದ ಒಬ್ಬ ಭುಜ ತಟ್ಟಿ ಹೇಳಿದ: "ವಿಚಾರಣೆ ಬೇಗ ಮುಗ್ಸಿ ಸಾರ್, ಮುಂದಿನ್ ಪ್ಲೇಟ್ ನಂದು."

೨. ತಣಿಸಂದ್ರದ ಶಾಶ್ವತ ತುರ್ತು

ಒಂದು ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಕೊರೊನಾ ಮುಗಿದಿರಲಿಲ್ಲ. ಮನೆಗೆಲಸದವರು ಲಿಫ್ಟು ಹತ್ತುವಂತಿಲ್ಲ, ಹೊರಗಿನ ಮಕ್ಕಳು ಉಯ್ಯಾಲೆ ಮುಟ್ಟುವಂತಿಲ್ಲ. ಎಲ್ಲವೂ ಆರೋಗ್ಯದ ದೃಷ್ಟಿಯಿಂದಂತೆ. ಮನೆಗೆಲಸದ ಹೆಂಗಸರು ದೂರು ಕೊಟ್ಟರು, ಹೋದೆ. ಗೇಟಿನಲ್ಲೇ ವಾಚ್‌ಮನ್ ನನ್ನ ಹಣೆಗೆ ಜ್ವರದ ಗನ್ನು ಹಿಡಿದು, ತೊಂಬತ್ತೇಳು ಎಂದ. ನನ್ನ ಹಿಂದಿದ್ದ ಗ್ಯಾಸ್ ಸಿಲಿಂಡರಿನವನಿಗೂ ತೊಂಬತ್ತೇಳು. ಅನುಮಾನ ಬಂದು ಬಗ್ಗಿ ನೋಡಿದೆ. ಬ್ಯಾಟರಿ ಸತ್ತು ವರ್ಷಗಳಾಗಿವೆ, ಸೆಕ್ರೆಟರಿಗೆ ಹೇಳಬೇಡಿ ಎಂದು ಕಿವಿಯಲ್ಲಿ ಬೇಡಿಕೊಂಡ.

ಸೆಕ್ರೆಟರಿಯನ್ನು ಕರೆಸಿ, ತುರ್ತು ಅಧಿಕಾರಕ್ಕೆಲ್ಲ ಈಗ ಗಡುವು ಬಂದಿದೆ, ಸರ್ಕಾರವೇ ಮೀರುವಂತಿಲ್ಲ ಎಂದು ತಿಳಿಹೇಳಿದೆ. ಅವರು ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು.

"ಅದು ಸರ್ಕಾರಕ್ಕೆ ಕಣ್ರೀ. ಅವ್ರು ಮುಂದೆ ವೋಟ್ ಕೇಳ್ಬೇಕು. ನಮ್ಮಲ್ಲಿ ಸೆಕ್ರೆಟರಿ ಆಗೋಕೆ ಬೇರೆ ಯಾರೂ ನಿಲ್ಲೋದೇ ಇಲ್ಲ."

೩. ಬೀಗರ ಎದುರು

ಈ ನಿಯಮಕ್ಕೆ ಹಿಡಿಶಾಪ ಹಾಕುತ್ತಲೇ ಇದ್ದೆ, ನನ್ನ ಮಗಳ ನಿಶ್ಚಿತಾರ್ಥದ ದಿನದವರೆಗೂ. ಜಕ್ಕೂರಿನ ಹಳೇ ಊರಿನಲ್ಲಿ ನಮ್ಮ ಮನೆ. ಶಾಮಿಯಾನ ಹಾಕಿಸಿ, ದಾಸರಹಳ್ಳಿಯ ಬೀಗರನ್ನು ಕೂರಿಸಿ, ಇನ್ನೇನು ಎಲೆ ಹಾಕಬೇಕು, ನಮ್ಮ ಮೇಲಧಿಕಾರಿ ಡಾಕ್ಟರಮ್ಮ ಜೀಪಿನಿಂದ ಇಳಿದರು. ಊಟಕ್ಕಲ್ಲ. ಬೀದಿಯ ಕೊಳಾಯಿ ನೀರಿಗೆ ಚರಂಡಿ ಸೇರಿದೆ, ಆಚೆ ಮನೆಗಳಲ್ಲಿ ವಾಂತಿಭೇದಿ ಶುರುವಾಗಿದೆ, ಅಡುಗೆ ನಿಲ್ಲಿಸಬೇಕು ಎಂದರು. ನಮ್ಮ ಮಜ್ಜಿಗೆ, ಕೋಸಂಬರಿ ಎಲ್ಲ ಅದೇ ನೀರಿನದು.

ಬೀಗರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ಸಂಬಂಧವೇ ಕೆಡುತ್ತದೆ. ಅಷ್ಟು ದಿನ ಬೈದ ನಿಯಮವನ್ನೇ ಸ್ತೋತ್ರದಂತೆ ಒಪ್ಪಿಸಿದೆ. ಕಾರಣ ಬರೆದು ಕೊಡಿ ಮೇಡಂ, ನಮ್ಮ ಮಾತೂ ಕೇಳಿ ಎಂದೆ.

"ಖಂಡಿತ," ಎಂದರು ಅವರು. "ಕಾರಣ ಬರೀಬೇಕಾದೋರು ಈ ವಾರ್ಡಿನ ಇನ್‌ಸ್ಪೆಕ್ಟರು. ಬರೀರಿ."

ಆ ಇನ್‌ಸ್ಪೆಕ್ಟರು ನಾನೇ. ಬೀಗರು ಕುರ್ಚಿ ಹತ್ತಿರಕ್ಕೆಳೆದುಕೊಂಡು, ಏನ್ ಬರೀತೀರ ನೋಡಣ ಎಂದರು. ನೀರು ಚೆನ್ನಾಗಿದೆ ಎಂದು ಬರೆದರೆ ಅಳಿಯನಾಗುವವನು ಆಸ್ಪತ್ರೆ ಸೇರುತ್ತಾನೆ. ಅಡುಗೆ ನಿಲ್ಲಿಸತಕ್ಕದ್ದು ಎಂದು ಬರೆದು ಸಹಿ ಹಾಕಿದೆ. ಇನ್ನು ಎದುರಿನವರ ಮಾತು ಕೇಳಬೇಕು. ಅಡುಗೆಮನೆ ಯಾರ ಹಿಡಿತದಲ್ಲಿದೆ ಎಂಬುದು ಇಡೀ ಊರಿಗೇ ಗೊತ್ತು. ಜೀವಮಾನದಲ್ಲಿ ಮೊದಲ ಸಲ ಹೆಂಡತಿಗೆ ಬಹುವಚನ ಹಾಕಿ, ನೀವು ಹೇಳಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿದೆ.

ಅವಳು ಸೆರಗು ಸಿಕ್ಕಿಸಿಕೊಂಡಳು.

"ಇವತ್ತಿನ್ದು ಮಾತ್ರ ಹೇಳ್ಲಾ, ಮದುವೆ ಆದಾಗಿಂದ ಹೇಳ್ಲಾ?"

ನಾನು ಬಾಯಿ ತೆರೆಯುವುದರೊಳಗೆ ಡಾಕ್ಟರಮ್ಮ, ಪೂರ್ತಿ ಕೇಳಲೇಬೇಕು, ನಿಯಮ ಎಂದರು. ಶುರುವಾಯಿತು. ನನ್ನ ತಾಯಿ, ತಂಗಿ, ಕಟ್ಟಿಸಿಕೊಡುತ್ತೇನೆಂದ ಬಚ್ಚಲುಮನೆ, ಒಂದೂ ಬಿಡಲಿಲ್ಲ. ಅಷ್ಟರಲ್ಲಿ ಮಗಳೇ ಫೋನ್ ಮಾಡಿ ಟ್ಯಾಂಕರ್ ತರಿಸಿದಳು, ಭಟ್ಟರು ಹಳೆಯದನ್ನೆಲ್ಲ ಚೆಲ್ಲಿ ಹೊಸದಾಗಿ ಅಡುಗೆ ಮಾಡಿದರು, ಉಂಗುರ ಬದಲಾಯಿತು, ಬೀಗರು ಉಂಡರು. ಎಲೆ ಅಡಿಕೆ ಹಾಕಿಕೊಂಡು ಮತ್ತೆ ಬಂದು, ಬಚ್ಚಲುಮನೆ ಏನಾಯ್ತಮ್ಮ ಎಂದು ವಿಚಾರಿಸಿದರು.

ನನ್ನ ಆದೇಶಕ್ಕೆ ಗಡುವು ಇಟ್ಟ ಮಹಾನುಭಾವರು ಎದುರಿನವರ ಮಾತಿಗೆ ಗಡುವು ಇಡುವುದನ್ನೇ ಮರೆತಿದ್ದಾರೆ. ಮಗಳಿಗೆ ಮದುವೆಯಾಯಿತು, ಮೊಮ್ಮಗನೂ ಹುಟ್ಟಿದ. ನನ್ನ ಹೆಂಡತಿ ಹೇಳುವುದು ಇನ್ನೂ ಮುಗಿದಿಲ್ಲ.