ಬೇಲಿ ಇಲ್ಲದ ಕಾಡು, ಕಡಿಮೆ ದರದಲ್ಲಿ

ರಜೆಗೆ ಹೊರಟ ಮನುಷ್ಯ ಬುದ್ಧಿಯನ್ನು ಮನೆಯಲ್ಲಿಟ್ಟು ಹೊರಡುತ್ತಾನೆ, ಹೊರಟವನು ಸೀದಾ ನನ್ನ ಟೇಬಲ್ಲಿಗೇ ಬರುತ್ತಾನೆ. ಕುವೈತಿನ ಶರ್ಕ್‌ನಲ್ಲಿ ಒಂದು ಟ್ರಾವೆಲ್ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಕೂತಿದ್ದೇನೆ, ಇದು ತಪ್ಪಿದ ವಾರ ಇಲ್ಲ. ಆದರೂ ಹೋದ ವರ್ಷದ ಬೇಟೆಯ ಫೈಲಿನಷ್ಟು ನನ್ನ ರಕ್ತ ಕುದಿಸಿದ್ದು ಬೇರೊಂದಿಲ್ಲ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಕೇಳಿದವರಿಗೆ ನಗು ಬರುತ್ತದೆ. ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ.

ಕಿವಿಯಲ್ಲಿ ಚೀಟಿ

ನಾನು ಗಂಗಾವತಿ ಕಡೆಯವನು, ಹುಟ್ಟಾ ಸಸ್ಯಾಹಾರಿ. ಕೋಣೆಗೆ ಹಲ್ಲಿ ಬಂದರೆ ನಾನೇ ಕೋಣೆ ಬಿಟ್ಟು ಹೋಗುವವನು. ಇಂಥವನ ಕೈಗೆ ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಆಫ್ರಿಕದ ಬೇಟೆಯ ಫೈಲು ಕೊಟ್ಟ. ಕಾರಣ ಇಷ್ಟೇ: ಇಡೀ ಆಫೀಸಿನಲ್ಲಿ ಉದ್ದನೆಯ ಇಂಗ್ಲಿಷ್ ಈಮೇಲ್ ಬರೆಯಬಲ್ಲವನು ನಾನೊಬ್ಬನೇ. ಆ ವರ್ಷ ನನ್ನ ಕೈಯಿಂದ ಎರಡು ದೊಡ್ಡ ಟೂರು ತಪ್ಪಿಹೋಗಿದ್ದವು. ಇದೂ ತಪ್ಪಿದರೆ ನಿನ್ನ ಇಕಾಮಾ ರಿನ್ಯೂ ಮಾಡಿಸೋದಿಲ್ಲ, ಖಲಾಸ್, ಎಂದು ಅವನು ಚಹಾಕ್ಕೆ ಸಕ್ಕರೆ ಕಲಸುತ್ತಾ ಹೇಳಿದ. ಇಕಾಮಾ ಹೋದರೆ ಈ ದೇಶದಲ್ಲಿ ಇರುವ ಹಾಗಿಲ್ಲ. ನಾನು, ಹೆಂಡತಿ, ಹತ್ತನೇ ಕ್ಲಾಸಿನ ಮಗಳು, ಮೂವರೂ ಗಂಟುಮೂಟೆ ಕಟ್ಟಬೇಕು.

ಗಿರಾಕಿ ಜಹ್ರಾದ ಒಬ್ಬ ಕುವೈತಿ ಹಿರಿಯರು. ಎಲ್ಲರೂ ಅವರನ್ನು ಹಾಜಿ ಅನ್ನುತ್ತಿದ್ದರು. ಅರವತ್ತೈದು ದಾಟಿದ್ದರೂ ಧ್ವನಿ ಮಾತ್ರ ಮರಳುಗಾಡಿನ ಆ ತುದಿಗೆ ಕೇಳಿಸಬೇಕು. ನನಗೆ ಹೆಸರಿದೆ ಎಂಬುದು ಅವರಿಗೆ ಕೊನೆಯವರೆಗೂ ಹೊಳೆಯಲಿಲ್ಲ, ನಾನು ಬರೀ "ಸದೀಕ್", ಅಂದರೆ ಗೆಳೆಯ. ಅರಬ್ಬಿಗೆ ಅರ್ಧ ಹಿಂದಿ ಬೆರೆಸಿ ಅವರು ಹೇಳಿದ್ದು ಇಷ್ಟು: ಕಾಡು ನಿಜವಾದ ಕಾಡಾಗಿರಬೇಕು, ಸುತ್ತ ಬೇಲಿ ಇರಬಾರದು, ಅಗ್ಗವಾಗಿರಬೇಕು.

ಬೇಲಿಯ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು ಕೇಳಿದೆ. ಅವರ ನೆರೆಯವರೊಬ್ಬರು ಹಿಂದಿನ ವರ್ಷ ಆಫ್ರಿಕಕ್ಕೆ ಹೋಗಿ ಒಂದು ದೊಡ್ಡ ಕೊಂಬಿನ ಪ್ರಾಣಿ ಹೊಡೆದು, ಅದರ ಪಕ್ಕ ಮಂಡಿಯೂರಿ ಕೂತ ಫೋಟೋ ತಂದಿದ್ದರಂತೆ. ಸಂಜೆ ಗಂಡಸರು ಸೇರುವ ದಿವಾನಿಯಾದಲ್ಲಿ ಎಲ್ಲರೂ ಹೊಗಳುತ್ತಿದ್ದಾಗ ಯಾರೋ ಒಬ್ಬರು ಕನ್ನಡಕ ಹಾಕಿಕೊಂಡು ನೋಡಿದರೆ, ಪ್ರಾಣಿಯ ಕಿವಿಯಲ್ಲಿ ಹಳದಿ ಪ್ಲಾಸ್ಟಿಕ್ ಚೀಟಿ. ಬೇಲಿಯೊಳಗೆ ಆಕಳ ಹಾಗೆ ಸಾಕಿ, ನಂಬರು ಹಾಕಿ, ಬೇಟೆಗೆ ಬಿಟ್ಟಿದ್ದು.

ಇವತ್ತಿಗೂ ದಿವಾನಿಯಾದಲ್ಲಿ ಆ ಮನುಷ್ಯರನ್ನು ಯಾರೂ ಹೆಸರಿನಿಂದ ಕರೆಯುವುದಿಲ್ಲವಂತೆ. "ಬನ್ನಿ ನಲವತ್ತೇಳು, ಕೂತುಕೊಳ್ಳಿ" ಎನ್ನುತ್ತಾರಂತೆ.

ಗುಂಡಿನ ಬಾಕಿ

ಬೇಲಿ ಇಲ್ಲದ ಕಾಡು ಝಾಂಬಿಯಾದಲ್ಲಿ ಸಿಕ್ಕಿತು. ಅಲ್ಲಿನ ಕ್ಯಾಂಪಿನವರು ದರಪಟ್ಟಿ ಕಳಿಸಿದರು. ಅದನ್ನು ಓದಿ ನನಗೇ ಮೈ ಉರಿಯಿತು. ಪ್ರಾಣಿ ಸಿಗಲಿ ಬಿಡಲಿ, ದಿನಕ್ಕೆ ಇಷ್ಟು. ಸಿಕ್ಕರೆ ಪ್ರಾಣಿಗೆ ಬೇರೆ. ಪರವಾನಗಿಗೆ ಬೇರೆ. ಸಣ್ಣ ವಿಮಾನದಲ್ಲಿ ಹೋದರೆ ಅದಕ್ಕೆ ಬೇರೆ. ನಾನು ವಿಮಾನ ತೆಗೆದು ಹನ್ನೊಂದು ತಾಸಿನ ಜೀಪು ಹಾಕಿದೆ. ಬಂದೂಕನ್ನು ಇಲ್ಲಿಂದ ಒಯ್ಯುವ ಕಾಗದಪತ್ರದ ರಗಳೆ ಬೇಡವೆಂದು ಅಲ್ಲೇ ಬಾಡಿಗೆಗೆ ಹೇಳಿದೆ. ಸಿಂಹ, ಚಿರತೆ ಎಲ್ಲ ಅಳಿಸಿ ಕಾಡುಕೋಣ ಒಂದು, ಇಂಪಾಲಾ ಎಂಬ ಜಿಂಕೆ ಜಾತಿ ಒಂದು ಉಳಿಸಿದೆ. ಅಂತೂ ಹಾಜಿಯ ಬಜೆಟ್ಟಿನ ಹತ್ತಿರ ಬಂತು.

ಆಮೇಲೆ ಹಾಜಿಯ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಗುಂಡು ತಾಗಿ ಒಂದು ಹನಿ ರಕ್ತ ಬಿದ್ದರೂ ಸಾಕು, ಪ್ರಾಣಿ ತಪ್ಪಿಸಿಕೊಂಡು ಹೋದರೂ ಪೂರ್ತಿ ದುಡ್ಡು ಕೊಡಬೇಕು ಎಂದಿತ್ತು. ಇದು ಅಲ್ಲಿನ ಪದ್ಧತಿ, ಗಾಯಗೊಂಡದ್ದು ಎಲ್ಲೋ ಸಾಯುತ್ತದೆ, ಅದಕ್ಕೆ ಹಾಗೆ, ಎಂದು ಸಮಾಧಾನವಾಗಿ ವಿವರಿಸಿದೆ. ಹಾಜಿ ಒಪ್ಪಲಿಲ್ಲ. ಮುಖ ಕೆಂಪಾಯಿತು. ಇದನ್ನು ಹೀಗೇ ಇಂಗ್ಲಿಷಿನಲ್ಲಿ ಬರೆದು ಕಳಿಸು ಎಂದರು. ಇಕಾಮಾದ ಆಸೆಗೆ ನಾನು ಬರೆದೂ ಬರೆದೆ:

"ಅದು ನನ್ನ ಗುಂಡು ತಗೊಂಡು ಓಡಿಹೋಗಿದೆ. ದುಡ್ಡು ಅದು ನನಗೆ ಕೊಡಬೇಕು."

ಹಂದಿ ಮತ್ತು ಮಂಗ

ಕ್ಯಾಂಪಿನವರು ಅದಕ್ಕೆ ಉತ್ತರ ಕೊಡಲಿಲ್ಲ. ಬದಲಿಗೆ ಇನ್ನೊಂದು ಪ್ಯಾಕೇಜು ಕಳಿಸಿದರು. ದರ ಎಷ್ಟೋ ಕಡಿಮೆ. ನಾನು ಖುಷಿಯಿಂದ ಹಾಜಿಗೆ ಫೋನ್ ಮಾಡಿ ಕರೆಸಿ, ಅರಬ್ಬಿ ಕಾಫಿ ಕಾವಾ ಕುಡಿಸಿ, ಅದರ ಸಾಲುಗಳನ್ನು ಓದತೊಡಗಿದೆ. ಮೂರನೇ ಸಾಲಿಗೆ ನಾಲಿಗೆ ತಡೆಯಿತು. ಕೋಣ ಒಂದು, ಇಂಪಾಲಾ ಒಂದು, ಕಾಡುಹಂದಿ ಎರಡು.

ಹಾಜಿ ಕಾವಾದ ಬಟ್ಟಲು ಕೆಳಗಿಟ್ಟರು. ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ತಪ್ಪು ನನ್ನದಲ್ಲ, ಎಲ್ಲ ಅಗ್ಗದ ಪ್ಯಾಕೇಜಿನಲ್ಲೂ ಹಂದಿ ಸೇರಿಸಿಯೇ ಕೊಡುತ್ತಾರೆ ಎಂದು ಹೇಳಿ, ಅವರೆದುರೇ ಈಮೇಲ್ ಹಾಕಿದೆ: ಹಂದಿ ಬೇಡ, ಅದೇ ದರಕ್ಕೆ ಬೇರೆ ಕೊಡಿ. ಐದು ನಿಮಿಷದಲ್ಲಿ ಉತ್ತರ ಬಂತು. ಧಾರಾಳವಾಗಿ ಕೊಡುತ್ತೇವೆ, ಎರಡು ಹಂದಿಗೆ ಬದಲು ಎರಡು ಬಬೂನ್.

ಬಬೂನ್ ಅಂದರೆ ದೊಡ್ಡ ಕೋತಿ. ನಮ್ಮ ಮನೆಯ ಅಂಗಳದಲ್ಲಿ ನಿಂತರೆ ಅಂಜನಾದ್ರಿ ಬೆಟ್ಟ ಕಾಣುತ್ತದೆ. ಹನುಮಪ್ಪ ಹುಟ್ಟಿದ ಬೆಟ್ಟ. ನಮ್ಮವ್ವ ರೊಟ್ಟಿ ಕಸಿದುಕೊಂಡು ಹೋದ ಮಂಗಕ್ಕೂ ಕೈ ಮುಗಿಯುತ್ತಿದ್ದಳು. ಅಂಥ ಊರಿನವನು ಕೂತು ಮಂಗನಿಗೆ ರೇಟು ಹಾಕಬೇಕೇ? ಆಗುವುದಿಲ್ಲ ಎಂದೆ. ಹದಿನೆಂಟು ವರ್ಷದಲ್ಲಿ ಗಿರಾಕಿಯೊಬ್ಬರಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಕೆಲಸ ಹೋಯಿತು ಅಂದುಕೊಂಡೆ.

ಹಾಜಿ ಕಾರಣ ಕೇಳಿದರು. ಹೇಳಿದೆ. ಗಡ್ಡ ನೀವಿಕೊಂಡು, ಸರಿ ಸದೀಕ್, ಅದನ್ನೂ ಬಿಡು ಎಂದರು. ಇಬ್ಬರೂ ಸೇರಿ ಈ ಪ್ಯಾಕೇಜು ಬೇಡ, ಮೊದಲಿನ ದರಪಟ್ಟಿಯೇ ಇರಲಿ ಎಂದು ಬರೆದೆವು. ಕ್ಯಾಂಪಿನವರು ಕಾರಣ ಕೇಳಿದಾಗ ನಾನು ಒಂದೇ ಸಾಲು ಹಾಕಿದೆ: "ಗಿರಾಕಿಗೆ ಹಂದಿ ಆಗೋದಿಲ್ಲ, ಏಜೆಂಟನಿಗೆ ಮಂಗ ಆಗೋದಿಲ್ಲ."

ಗಿಡುಗದ ಪಾಸ್‌ಪೋರ್ಟ್

ಮುಂದಿನ ವಾರ ಹಾಜಿ ತಾವು ಸಾಕಿದ ಬೇಟೆಯ ಗಿಡುಗವನ್ನೂ ಕರೆದುಕೊಂಡು ಹೋಗುತ್ತೇನೆ ಎಂದರು. ಕೈಗವಸಿನ ಮೇಲೆ ಕೂರಿಸಿಕೊಂಡು ಆಫೀಸಿಗೇ ತಂದರು. ಕಣ್ಣಿಗೆ ತೊಗಲಿನ ಟೊಪ್ಪಿಗೆ ಹಾಕಿಕೊಂಡು ಅದು ಮುದೀರನ ಕುರ್ಚಿಯ ಬೆನ್ನಿನ ಮೇಲೆ ಕೂತಿತು. ಮುದೀರ್ ಎದ್ದು ನಿಂತ. ನಾವು ಬಂದಾಗ ಅವನು ಎದ್ದದ್ದು ನಾನು ಕಂಡಿಲ್ಲ.

ಹಕ್ಕಿಯನ್ನು ಒಯ್ಯಲು ಕಾಗದ ಬೇಕು ಎಂದೆ. ಹಾಜಿ ಜೇಬಿನಿಂದ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಗಿಡುಗದ ಪಾಸ್‌ಪೋರ್ಟ್. ತಿರುವಿ ನೋಡಿದರೆ ಮುದ್ರೆಯ ಮೇಲೆ ಮುದ್ರೆ, ಮೂರು ದೇಶ ತಿರುಗಿ ಬಂದಿದೆ. ಅವಧಿ ಇನ್ನೂ ಎರಡು ವರ್ಷ ಬಾಕಿ ಇದೆ. ನನ್ನ ಇಕಾಮಾ ಮುಗಿಯಲು ಇಪ್ಪತ್ತಾರು ದಿನ ಉಳಿದಿತ್ತು. ಅದಕ್ಕೆ ಕಫೀಲ್, ಅಂದರೆ ಇಲ್ಲಿ ನಮ್ಮ ಹೊಣೆ ಹೊತ್ತ ಧಣಿಯ ಸಹಿ ಬೇಕು, ಮುದೀರ್ ನಾಳೆ ನೋಡೋಣ ಅನ್ನುತ್ತಿದ್ದ.

ಕೊನೆಗೆ ಕ್ಯಾಂಪಿನವರೇ ಹಕ್ಕಿ ಬೇಡವೆಂದರು, ಹಾಜಿ ಬೇಸರದಿಂದ ಒಪ್ಪಿಕೊಂಡರು. ನನ್ನ ಹೊಟ್ಟೆಯುರಿ ಆರಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಟಿಕೆಟ್ ಮಾಡುವ ಉಳ್ಳಾಲದ ಬ್ಯಾರಿ ಭಾಯಿಯ ಹತ್ತಿರ ಹೇಳಿಕೊಂಡೆ. ಇಷ್ಟು ವರ್ಷ ದುಡಿದ ನನಗಿಂತ ಒಂದು ಹಕ್ಕಿಗೆ ಹೆಚ್ಚು ಮರ್ಯಾದೆಯೇ ಎಂದೆ. ಭಾಯಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ:

"ಅದಕ್ಕೆ ಕಫೀಲ್ ಇಲ್ಲ ಅಲ್ವಾ ಮಾರಾಯ್ರೆ."

ಕೊಂಬು ಬ್ಯಾಡ

ಈ ನಡುವೆ ಸುದ್ದಿ ನಮ್ಮ ಜನಕ್ಕೆ ಮುಟ್ಟಿತು. ಶುಕ್ರವಾರ ಬ್ನೇದ್ ಅಲ್ ಗಾರ್‌ನ ಒಂದು ಫ್ಲ್ಯಾಟಿನಲ್ಲಿ ನಾವು ಉತ್ತರ ಕರ್ನಾಟಕದ ಏಳೆಂಟು ಮನೆಯವರು ಸೇರಿ ಊಟ ಮಾಡುತ್ತೇವೆ. ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ನನ್ನ ಹೆಂಡತಿ ಮೊದಲೇ ಹೇಳಿದ್ದಳು: "ನೋಡ್ರಿ, ಮಂದಿ ನಿಮಗ ಕಟುಗ ಅನ್ನಾಕತ್ತಾರ. ನಾ ಯಾವ ಮಾರಿ ಇಟ್ಕೊಂಡು ಹೋಗ್ಲಿ?"

ಅಲ್ಲಿ ವಿಜಯಪುರದ ಹಿರಿಯ ಎಂಜಿನಿಯರೊಬ್ಬರಿದ್ದಾರೆ. ಎಣ್ಣೆ ಕಂಪನಿಯಲ್ಲಿ ಕೆಲಸ, ದಿನಕ್ಕೆ ಎರಡು ತಾಸು ಧ್ಯಾನ. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತೇವೆ. ಊಟವಾದ ಮೇಲೆ ಎಲ್ಲರೆದುರು ನನ್ನನ್ನು ಕೂರಿಸಿಕೊಂಡು ದಯೆ, ಧರ್ಮ, ಮೂಕಪ್ರಾಣಿ, ಮಕ್ಕಳಿಗೆ ತಟ್ಟುವ ಪಾಪ, ಒಂದನ್ನೂ ಬಿಡದೆ ಅರ್ಧ ತಾಸು ಹೇಳಿದರು. ಮಗಳು ಒಬ್ಬಳೇ ನನ್ನ ಪರ ನಿಂತಳು, ಅದೂ ಇಂಗ್ಲಿಷಿನಲ್ಲಿ, ಆದ್ದರಿಂದ ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ಹೊರಡುವಾಗ ಕಾಕಾ ಲಿಫ್ಟಿನ ತನಕ ಬಂದರು. ಸಿಟ್ಟಾಗಬ್ಯಾಡ ಎಂದು ಭುಜದ ಮೇಲೆ ಕೈಯಿಟ್ಟರು. ನನಗೆ ಕಣ್ಣು ತುಂಬಿಬಂತು. ಆಮೇಲೆ ಹಿಂದೆ ಮುಂದೆ ನೋಡಿ, ಜಪಕ್ಕೆ ಕೂಡ್ರಲಿಕ್ಕೆ ಜಿಂಕೆ ಚರ್ಮ ಶ್ರೇಷ್ಠ ಅಂತಾರ, ಒಂದು ಸಿಗತದೇನು ನೋಡು ಎಂದರು. ನಾನು ಲಿಫ್ಟ್ ಹತ್ತಿದೆ. ಲಿಫ್ಟಿನ ಬಾಗಿಲು ಮುಚ್ಚುವಾಗ ಇಷ್ಟು ಸೇರಿಸಿದರು:

"ಚರ್ಮ ಅಷ್ಟ ಸಾಕು. ಕೊಂಬು ಬ್ಯಾಡ. ಕೊಂಬು ಹಿಂಸಾ ಆಗ್ತದ."

ಜಿಪ್

ಹೊರಡಲು ಹತ್ತು ದಿನ ಇದ್ದಾಗ ಹಾಜಿ ಡೇರೆಯ ಫೋಟೋ ನೋಡಿದರು. ಎರಡು ಮರ, ನಡುವೆ ಹಸಿರು ಡೇರೆ, ಸುತ್ತ ಹುಲ್ಲು. ಮತ್ತೇನೂ ಇಲ್ಲ. ಅವರು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಎಡಕ್ಕೂ ಬಲಕ್ಕೂ ಸರಿಸಿದರು. ಬೇಲಿ ಎಲ್ಲಿದೆ ಎಂದು ಕೇಳಿದರು.

ಮೂರು ತಿಂಗಳು ಬೇಲಿ ಇಲ್ಲದ ಕಾಡು ಹುಡುಕಿ ಕಣ್ಣು ಕೆಟ್ಟವನು ನಾನು. ಬೇಲಿ ಬೇಡ ಅಂದವರು ನೀವೇ ಎಂದೆ. ಬೇಟೆಗೆ ಬೇಡ ಅಂದೆ, ನಿದ್ದೆಗೆ ಬೇಡ ಅಂದೆನೇ ಎಂದು ಅವರೇ ನನ್ನ ಮೇಲೆ ರೇಗಿದರು. ರಾತ್ರಿ ಸಿಂಹ ಬಂದರೆ ಅದಕ್ಕೂ ತಮಗೂ ನಡುವೆ ಏನಿರುತ್ತದೆ, ಕ್ಯಾಂಪಿನವರನ್ನು ಕೇಳು, ಎಂದರು. ಕೇಳಿದೆ. ಒಂದೇ ಪದದ ಉತ್ತರ ಬಂತು: ಜಿಪ್.

ಆ ಪದವನ್ನು ಅರಬ್ಬಿಯಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ನನ್ನ ಬ್ಯಾಗಿನ ಜಿಪ್ ಎಳೆದು ತೋರಿಸಿದೆ. ಹಾಜಿ ತಾವೇ ಅದನ್ನು ಎರಡು ಸಲ ಎಳೆದು ನೋಡಿದರು. ನಂತರ, ಭಾಷೆ ಬಲ್ಲವನೊಬ್ಬ ಜೊತೆಗಿರಬೇಕು, ನೀನೂ ಬಾ ಎಂದರು. ನನ್ನನ್ನು ಒಂದು ಮಾತೂ ಕೇಳದೆ ಮುದೀರ್ ಒಪ್ಪಿಕೊಂಡ. ನನಗಾದರೂ ಏನು ಗತಿ ಎಂದು ನಾನು ಗೊಣಗುತ್ತಿದ್ದಾಗ ಹಾಜಿ ಉದಾರವಾಗಿ ಹೇಳಿದರು:

"ನನ್ನ ಡೇರೆಗೆ ಎರಡು ಜಿಪ್ ಹಾಕಿಸು. ಹೊರಗಿನದು ನೀನು ಕಾಯಿ."

ಸಮುದ್ರ

ನನ್ನ ಇಕಾಮಾ ಹೊರಡುವ ಮುಂಚೆಯೇ ರಿನ್ಯೂ ಆಯಿತು. ಅದಿಲ್ಲದೆ ಹೊರಗೆ ಹೋದರೆ ವಾಪಸು ಬರಲಾಗದೆಂದು ಹಾಜಿಯೇ ಮುದೀರನ ಎದುರು ಕೂತು ಮಾಡಿಸಿದರು. ಕಾಡಿನಲ್ಲಿ ಅವರು ಒಂದು ಇಂಪಾಲಾ ಹೊಡೆದರು. ಕೋಣ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂದು ದಿವಾನಿಯಾದಲ್ಲಿ ಅವರು ಏನು ಹೇಳಿಕೊಂಡರೋ ನಾನರಿಯೆ. ಆದದ್ದು ಇದು.

ಹಾಜಿಗೆ ತೊಂಬತ್ತರ ಹತ್ತಿರದ ತಾಯಿ ಇದ್ದಾರೆಂದು ನನಗೆ ಗೊತ್ತಾದದ್ದೇ ಅಲ್ಲಿ. ಇಡೀ ಜಹ್ರಾವನ್ನು ಗದರಿಸುವ ಈ ಮನುಷ್ಯ ಹೆದರುತ್ತಿದ್ದುದು ಆಕೆಯೊಬ್ಬರಿಗೆ. ಈ ವಯಸ್ಸಿನಲ್ಲಿ ಬೇಟೆ ಅಂದರೆ ಬಿಡುವುದಿಲ್ಲವೆಂದು, ಗೆಳೆಯರ ಜೊತೆ ಸಮುದ್ರದ ದಡದ ಮನೆಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಬಂದಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಹೆಜ್ಜೆಗುರುತು ಹಿಡಿದು ಮೂರು ತಾಸು ನಡೆದೆವು. ಮುಂದೆ ಬೇಟೆಯ ಗೈಡು, ಹಿಂದೆ ಹಾಜಿ, ಅವರ ಹಿಂದೆ ಮುಳ್ಳು ಚುಚ್ಚಿಸಿಕೊಂಡು ಎಲ್ಲರನ್ನೂ ಮನಸ್ಸಿನಲ್ಲೇ ಬಯ್ಯುತ್ತಾ ನಾನು. ಒಂದು ದಿಬ್ಬ ಹತ್ತಿದಾಗ ಗೈಡು ಕೈ ಎತ್ತಿದ. ಅರವತ್ತು ಹೆಜ್ಜೆ ದೂರದಲ್ಲಿ ಕೋಣ ನಿಂತಿತ್ತು. ಮುದಿ ಕೋಣ, ಒಂದೊಂದು ಕೊಂಬೂ ನನ್ನ ತೋಳಿಗಿಂತ ದಪ್ಪ. ಕಿವಿಯಲ್ಲಿ ಹರಿದ ಗಾಯ ಬಿಟ್ಟರೆ ಏನೂ ಇಲ್ಲ. ಹಾಜಿ ಬಂದೂಕು ಎತ್ತಿದರು. ನಾನು ಉಸಿರು ಹಿಡಿದೆ. ಹಿಡಿದ ಉಸಿರಿನಲ್ಲಿ, ದೇವರೇ ಅದು ಓಡಿಹೋಗಲಿ ಎಂದು ಬೇಡಿಕೊಂಡೆ ಎಂಬುದನ್ನು ಮುದೀರನಿಗೆ ನಾನು ಇವತ್ತಿಗೂ ಹೇಳಿಲ್ಲ.

ನಾಲ್ಕು ದಿನದಿಂದ ಸತ್ತುಬಿದ್ದಿದ್ದ ಹಾಜಿಯ ಫೋನಿಗೆ ಆ ದಿಬ್ಬದ ಮೇಲೆ ಸಿಗ್ನಲ್ ಬಂತು. ಎದೆಯ ಜೇಬಿನಲ್ಲಿ ಅದು ಬಡಿದುಕೊಳ್ಳತೊಡಗಿತು. ಗೈಡು ಕಣ್ಣಿನಲ್ಲೇ ಕೊಲ್ಲುವ ಹಾಗೆ ನೋಡಿದ. ಹಾಜಿ ಹೆಸರು ನೋಡಿದರು, ಬಂದೂಕನ್ನು ಗೈಡಿಗೆ ಕೊಟ್ಟರು, ಫೋನ್ ಎತ್ತಿದರು. ತಮಗೆ ಕಿವಿ ಮಂದವೆಂದು ಸ್ಪೀಕರ್ ಹಾಕುವುದು ಹಾಜಿಯ ರೂಢಿ. ಅಭ್ಯಾಸಬಲದಿಂದ ಹಾಕಿಯೂ ಬಿಟ್ಟರು.

"ಎಲ್ಲಿದ್ದೀ ಮಗನೇ?" ಎಂದು ಕಾಡು ತುಂಬ ಕೇಳಿಸಿತು.

"ಸಮುದ್ರದ ಹತ್ತಿರ, ಯುಮ್ಮಾ."

ಯಾಕೆ ಪಿಸುಗುಟ್ಟುತ್ತೀ ಎಂದು ತಾಯಿ ಕೇಳಿದರು. ಗೆಳೆಯರು ಮಲಗಿದ್ದಾರೆ ಎಂದರು ಹಾಜಿ. ಅಷ್ಟರಲ್ಲಿ ಕೋಣ ತಲೆಯೆತ್ತಿ ನಮ್ಮ ಕಡೆ ತಿರುಗಿ, ಮೂಗಿನಿಂದ ಭುಸ್ಸೆಂದು ಉಸಿರು ಬಿಟ್ಟು ನೆಲ ಕೆರೆಯಿತು. ಅದೇನು ಸದ್ದು ಎಂದು ಆಕೆ ಕೇಳಿದರು. ಅಲೆ, ಯುಮ್ಮಾ, ಎಂದರು ಹಾಜಿ. ಕೋಣ ಇನ್ನೊಮ್ಮೆ ಭುಸುಗುಟ್ಟಿ, ಪೊದೆಗಳನ್ನು ಮುರಿದುಕೊಂಡು ಹೊರಟೇಹೋಯಿತು. ಗೈಡು ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತ. ಅರವತ್ತೈದು ದಾಟಿದ ಹಾಜಿ ಫೋನ್ ಹಿಡಿದು, ಮಗ್ಗಿ ಮರೆತ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದರು.

ಆಮೇಲೆ ಆಕೆ ಬಹಳ ಮೆತ್ತಗೆ ಹೇಳಿದರು:

"ಆ ಸಮುದ್ರಕ್ಕೆ ಕೊಂಬಿದ್ದರೆ ದೂರ ನಿಂತುಕೋ ಮಗನೇ. ನಿನ್ನ ಮೊಣಕಾಲಿನಲ್ಲಿ ಓಡಲಿಕ್ಕೆ ಆಗೋದಿಲ್ಲ."